ಇನ್ನೊಬ್ಬಳ ಮಂಡಿ

ಎಚ್ಚರವಾದ ಕೂಡಲೇ ಬಿಲ್ಯಾನಾಳಿಗೆ ನೆನಪಾದದ್ದು ಇನ್ನೊಬ್ಬಳ ಮಂಡಿ. ಅವಳದೇ ಎರಡು ಮಂಡಿಗಳು ಹೊದಿಕೆಯೊಳಗೆ ಮಡಚಿಕೊಂಡು ಬೆಚ್ಚಗಿದ್ದವು, ಮೂವತ್ತನಾಲ್ಕು ವರ್ಷ ಸವೆದರೂ ಒಂದು ದಿನ ಕೈಕೊಡದ ಮಂಡಿಗಳು. ಅವುಗಳ ಕಡೆ ಅವಳ ಮನಸ್ಸು ಹೋಗಲಿಲ್ಲ. ಅಕ್ಟೋಬರಿನಿಂದ ಹೀಗೇ ನಡೆದಿದೆ. ಕಣ್ಣು ಬಿಡುವುದಕ್ಕೆ ಮೊದಲೇ ಟೀಗನ್‌ಳ ಎಡಮಂಡಿ ಬಂದು ಮಂಚದ ತುದಿಯಲ್ಲಿ ಕೂತಿರುತ್ತದೆ. ಮೊದಮೊದಲು ಅದು ಊದಿಕೊಂಡು, ಪಟ್ಟಿ ಸುತ್ತಿಕೊಂಡು ಬರುತ್ತಿತ್ತು. ಆಮೇಲೆ ಊತ ಇಳಿಯಿತು, ಊರುಗೋಲು ಹೋಯಿತು, ಹೊಸವರ್ಷದ ಹೊತ್ತಿಗೆ ಸೈಕಲ್ ತುಳಿಯಿತು, ಫೆಬ್ರವರಿಯಲ್ಲಿ ಬೇಸಿಗೆ ಮುಗಿಯುವಾಗ ಸಮುದ್ರದ ದಂಡೆಯ ಮರಳಿನ ಮೇಲೆ ಓಡಿತು. ಪರರ ಮೈಯ ಒಂದು ಕೀಲು ದಿನದಿಂದ ದಿನಕ್ಕೆ ಹೇಗೆ ಗುಣವಾಗುತ್ತದೆ ಎಂಬುದನ್ನು ಆ ಹುಡುಗಿಯ ಹೆತ್ತ ತಾಯಿಯೂ ಇಷ್ಟು ಹತ್ತಿರದಿಂದ ಗಮನಿಸಿರಲಾರಳು. ಮಹಿಳಾ ಫುಟ್‌ಬಾಲ್ ಲೀಗಿನ ನಿಯಮ ಸರಳವಾಗಿತ್ತು. ಗಾಯಗೊಂಡವಳ ಬದಲಿಗೆ ಬಂದವಳು ಗಾಯ ಮಾಯುವವರೆಗೆ ಇರಬಹುದು; ಮಾಯ್ದ ದಿನ ಹೊರಡಬೇಕು. ಪೆಲಿಕನ್ಸ್ ಕ್ಲಬ್ಬಿನಲ್ಲಿ ಇದನ್ನು ಯಾರೂ ಮುಚ್ಚಿಡಲಿಲ್ಲ, ಕುಹಕದಿಂದಲೂ ಹೇಳಲಿಲ್ಲ. “ಟೀಗನ್ ವಾಪಸ್ ಬರೋ ತನಕ ನೀನೇ ನಮ್ಮ ಗೋಲ್‌ಕೀಪರ್” ಎಂದು ಮೊದಲ ದಿನ ಕೈಕುಲುಕಿದವರೆಲ್ಲ ಹೇಳಿದ್ದರು, ಮತ್ತು ಆ ಮಾತಿನ ಮೊದಲರ್ಧ ಅವಳ ಕಿವಿಗೆ ಬಿದ್ದೇ ಇರಲಿಲ್ಲ. ಇವತ್ತು ಮಧ್ಯಾಹ್ನ ಆ ಮಂಡಿಗೆ ಪರೀಕ್ಷೆ. ಪಾಸಾದರೆ ಶನಿವಾರ, ಸೀಸನ್ನಿನ ಕೊನೆಯ ಲೀಗ್ ಪಂದ್ಯದಲ್ಲಿ, ವುಲ್ಲೊಂಗಾಂಗಿನ ತಮ್ಮದೇ ಮೈದಾನದಲ್ಲಿ, ಟೀಗನ್ ಗೋಲಿನಲ್ಲಿ ನಿಲ್ಲುತ್ತಾಳೆ. ಇಲ್ಲವಾದರೆ ಬಿಲ್ಯಾನಾ.

ಅಡಿಗೆಮನೆಯಲ್ಲಿ ಅವಳ ತಾಯಿ ಆಗಲೇ ಎದ್ದು ವರ್ಷದ ಚಟ್ನಿಗೆಂದು ಕೆಂಪು ದಪ್ಪಮೆಣಸಿನಕಾಯಿಗಳನ್ನು ಒಲೆಯ ಮೇಲೆ ಸುಡುತ್ತಿದ್ದಳು. ಸಿಪ್ಪೆ ಕರಕಾದ ವಾಸನೆ ಮನೆಯಿಡೀ ತುಂಬಿತ್ತು. ಮಾರ್ಚ್ ಬಂತೆಂದರೆ ತಾವಿರುವ ಪೋರ್ಟ್ ಕೆಂಬ್ಲಾದಲ್ಲಿ ನೆಲೆಸಿದ ಮೆಸಿಡೋನಿಯದವರ ಮನೆಗಳೆಲ್ಲ ಹೀಗೇ ನಾರುತ್ತವೆ. ಮಗಳು ನಿಕಾ ಬ್ರೆಡ್ಡಿನ ಅಂಚುಗಳನ್ನು ಕಿತ್ತು ತಟ್ಟೆಯ ಸುತ್ತ ಗೋಡೆ ಕಟ್ಟುತ್ತಿದ್ದಳು.

“ಅಮ್ಮಾ, ಶನಿವಾರ ನಮ್ಮ ಕ್ಲಾಸಿನೋರು ಬರ್ತಿದಾರೆ, ಗೊತ್ತಾ?”

“ಯಾರ್‍ಯಾರು?”

“ಎಲ್ರೂ. ಮಿಸ್ ಕೂಡ. ಗೋಲ್ ಹಿಂದೇನೇ ಕೂರೋದು ಅಂತ ಹೇಳಿದೀನಿ. ಅಲ್ಲಿ ಕೂತ್ರೆ ನಿನ್ನ ಬೈಗುಳ ಎಲ್ಲ ಕೇಳ್ಸುತ್ತೆ.”

“ನಾನೆಲ್ಲಿ ಬೈತೀನೇ? ಕೂಗ್ತೀನಿ. ಕೂಗೋದು ಬೇರೆ, ಬೈಯೋದು ಬೇರೆ.”

“ಮನೇಲೂ ಹಿಂಗೇ ಅಂತೀಯ,” ಎಂದಳು ನಿಕಾ. ಅಜ್ಜಿ ಒಲೆಯ ಕಡೆ ತಿರುಗಿಕೊಂಡೇ ನಕ್ಕಳು. ನಗು ಮುಗಿದ ಮೇಲೆ, ಇಕ್ಕಳದಲ್ಲಿ ಒಂದು ಮೆಣಸಿನಕಾಯಿ ಮಗುಚುತ್ತ, “ಆ ಹುಡುಗಿ ಕಾಲು ಹೆಂಗಿದೆಯಂತೆ?” ಎಂದಳು.

“ಚೆನ್ನಾಗಿದೆಯಂತಮ್ಮ. ಇವತ್ತು ನೋಡ್ತಾರೆ.”

“ಪಾಪ. ಚಿಕ್ಕ ವಯಸ್ಸು.” ತಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು, ಮಗಳ ಕಡೆ ನೋಡಲಿಲ್ಲ. ಬಿಲ್ಯಾನಾಳಿಗೆ ನೆನಪಾಗಲು ನೋಡದೇ ಇದ್ದದ್ದೇ ಸಾಕಾಯಿತು. ಜನವರಿಯ ಮೊದಲ ವಾರ, ತಮ್ಮ ಆರ್ಥಡಾಕ್ಸ್ ಪಂಗಡದ ಕ್ರಿಸ್‌ಮಸ್ಸಿನ ದಿನ, ಚರ್ಚಿನಲ್ಲಿ ತಾಯಿ ಹಿಂದೆಯೇ ನಿಂತಿದ್ದಳಲ್ಲ. ಅಲ್ಲಿ ಮೋಂಬತ್ತಿ ನೆಡುವ ಕಟ್ಟೆಗೆ ಎರಡು ಅಂತಸ್ತು, ಮೇಲಿನ ಮರಳು ಬದುಕಿರುವವರಿಗೆ, ಕೆಳಗಿನದು ಸತ್ತವರಿಗೆ. ತೊದಲು ಮಾತಿನ ವಯಸ್ಸಿನಿಂದ ತಾಯಿಯ ಸೊಂಟದ ಮೇಲೆ ಕೂತು ಮೋಂಬತ್ತಿ ಹಚ್ಚಿದವಳು ಬಿಲ್ಯಾನಾ. ಕತ್ತಲಲ್ಲಿ ಬಿಟ್ಟರೂ ಕೈ ತಪ್ಪಬಾರದು. ಅವತ್ತು ಅವಳು ಟೀಗನ್‌ಳ ಹೆಸರಿನಲ್ಲೇ ಒಂದು ಮೋಂಬತ್ತಿ ಕೊಂಡಳು, ಮನಸ್ಸಿಟ್ಟೇ ಬೇಡಿಕೊಂಡಳು, ಆ ಮಂಡಿ ಗುಣವಾಗಲಿ ಎಂದು, ತುಟಿ ಅಲ್ಲಾಡಿಸಿ ಬೇಡಿಕೊಂಡಳು. ಕೈ ಮಾತ್ರ ತಾನಾಗಿ ಕೆಳಗೆ ಹೋಗಿ ಮೋಂಬತ್ತಿಯನ್ನು ಕೆಳಗಿನ ಮರಳಿನಲ್ಲಿ ನೆಟ್ಟಿತು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಅವಳ ಮಣಿಕಟ್ಟು ಹಿಡಿದಳು. ಯಾರಿಗಮ್ಮ ಇದು? ನನ್ನ ಜೊತೆ ಆಡೋ ಹುಡುಗಿಗೆ. ಬದುಕಿದಾಳೋ ಇಲ್ವೋ? ಬದುಕಿದಾಳೆ. ಹಾಗಾದ್ರೆ ಮೇಲಿಡು, ಕಣ್ಣು ಕಾಣ್ಸಲ್ವಾ ನಿಂಗೆ? ಮುದುಕಿಯೇ ಅದನ್ನು ಕಿತ್ತು, ಬಾಗಿದ ಬತ್ತಿ ಸರಿಮಾಡಿ, ಮೇಲೆ ನೆಟ್ಟಳು. ಬಿಲ್ಯಾನಾ ತಿರುಗಿದಾಗ ತಾಯಿ ಛಾವಣಿಯ ಚಿತ್ರಗಳನ್ನು ನೋಡುತ್ತಿದ್ದಳು. ಮನೆಗೆ ಬರುವವರೆಗೂ ಆಮೇಲೂ ಇಬ್ಬರೂ ಆ ಮಾತು ಎತ್ತಲಿಲ್ಲ. ಅದೇ ವಾರ ಬ್ರಿಸ್ಬೇನಿನ ಸುಡುಬಿಸಿಲಿನಲ್ಲಿ ಅವಳು ಪೆನಾಲ್ಟಿಯೊಂದನ್ನು ತಡೆದಳು, ಇಡೀ ತಂಡ ಮೇಲೆ ಬಿದ್ದು ತಬ್ಬಿಕೊಂಡಿತು, ಆ ಬೆವರಿನ ರಾಶಿಯ ಅಡಿಯಲ್ಲಿ ಉಸಿರು ಕಟ್ಟುತ್ತ ಅವಳಿಗೆ ಅನ್ನಿಸಿದ್ದು, ಇದು ಯಾವ ಮೋಂಬತ್ತಿಯ ಫಲ, ಮೇಲಿನದರದೋ ಕೆಳಗಿನದರದೋ.

ಬಸ್ಸು ಚಾಲೂ ಮಾಡಿದಾಗ ಉಕ್ಕಿನ ಕಾರ್ಖಾನೆಯ ಹೊಗೆ ಬೆಟ್ಟದ ಕಡೆ ಬಾಗಿತ್ತು. ಅವಳು ಶಾಲಾಮಕ್ಕಳ ಬಸ್ಸು ಓಡಿಸುತ್ತಾಳೆ. ಬೆಳಗಿನ ಮಕ್ಕಳನ್ನು ಇಳಿಸಿ, ಮಧ್ಯಾಹ್ನದ ಮಕ್ಕಳನ್ನು ಹತ್ತಿಸಿಕೊಳ್ಳುವುದರ ನಡುವೆ ಸಿಗುವ ಬಿಡುವಿನಲ್ಲಿ ಅವಳು ವೃತ್ತಿಪರ ಆಟಗಾರ್ತಿ. ತಿರುವಿನಲ್ಲಿ ಸಮುದ್ರ ಕಂಡಿತು, ಬಂದರಿಗೆ ಕರೆ ಬರಲಿ ಎಂದು ಕಾಯುತ್ತ ದೂರದಲ್ಲಿ ಸಾಲಾಗಿ ನಿಂತ ಹಡಗುಗಳು. “ಹಿಂದಿನ ಸೀಟಿನಲ್ಲಿ ನಿಂತಿರೋರು ಕೂತ್ಕೊಳ್ರಪ್ಪಾ,” ಎಂದು ಕೂಗಿದಳು. ಯಾರೂ ಕೂರಲಿಲ್ಲ. ಇನ್ನೊಮ್ಮೆ ಕೂಗಿದಳು. ಒಬ್ಬಳು ಕೂತಂತೆ ಮಾಡಿ ಮತ್ತೆ ಎದ್ದಳು. ಬಿಲ್ಯಾನಾಳಿಗೆ ಬೇಕಾಗಿದ್ದುದು ಏನು ಎಂದು ಯಾರಾದರೂ ಕೇಳಿದ್ದರೆ (ಯಾರೂ ಕೇಳುವುದಿಲ್ಲ), ಹೆಸರಲ್ಲ, ಟೀವಿಯಲ್ಲಿ ಮುಖ ಬರುವುದಲ್ಲ, ಎಂದು ಹೇಳುತ್ತಿದ್ದಳೇನೋ. ಗೋಲಿನ ಮುಂದಿನ ಆ ಬಿಳಿ ಗೆರೆಯ ಚೌಕದೊಳಗೆ ನಿಂತು “ಎಡಕ್ಕೆ!” ಎಂದರೆ, ಮುಂದೆ ಬೆನ್ನು ಹಾಕಿ ನಿಂತ ಹುಡುಗಿಯರು ತಿರುಗಿಯೂ ನೋಡದೆ ಎಡಕ್ಕೆ ಸರಿಯುತ್ತಾರೆ. ಅವಳ ದನಿ ಅವರ ಬೆನ್ನಿಗೆ ಕಣ್ಣಾಗುತ್ತದೆ. ಮೇಲಿಂದ ಚೆಂಡು ಇಳಿಯುವಾಗ “ನಂದು!” ಎಂದರೆ ದಾರಿ ಬಿಡುತ್ತಾರೆ, ಅವಳು ಅವರ ಭುಜಗಳ ಮೇಲಕ್ಕೆ ಏರುತ್ತಾಳೆ, ಒದ್ದೆ ಚೆಂಡು ಅಂಗೈಗಳ ನಡುವೆ ಬಂದು ನಿಂತಾಗ ಒಂದು ಸದ್ದಾಗುತ್ತದೆ, ಬಾಗಿಲು ಹಾಕಿಕೊಂಡಂಥ ಸದ್ದು, ಆಮೇಲೆ ಒಂದು ಗಳಿಗೆ ಆಟವೇ ನಿಂತಿರುತ್ತದೆ ಮತ್ತು ಆ ಗಳಿಗೆ ಪೂರ್ತಿ ಅವಳದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇದೇ ಲೀಗಿನ ಬೇರೊಂದು ತಂಡದ ಬೆಂಚಿನ ಮೇಲೆ ಮೂರು ಸೀಸನ್ ಕೂತಿದ್ದಳು. ಒಂದು ನಿಮಿಷವೂ ಒಳಗೆ ಹೋಗಲಿಲ್ಲ. ಬೆಂಚಿನಿಂದ ಆ ಚೌಕ ಕಾಣುತ್ತಿತ್ತು, ನೀರಿನಾಚೆಯ ಮನೆಯ ದೀಪದ ಹಾಗೆ. ಆಮೇಲೆ ಮದುವೆ, ನಿಕಾ, ಮದುವೆ ಮುರಿದದ್ದು, ಬಸ್ಸು. ಭಾನುವಾರಗಳಲ್ಲಿ ಊರಿನ ಸಣ್ಣ ತಂಡಕ್ಕೆ ಆಡುತ್ತಿದ್ದವಳನ್ನು ಅಕ್ಟೋಬರಿನಲ್ಲಿ ಡೆಸ್ ಬಂದು ನೋಡಿದ. ಗೋಲ್‌ಕೀಪರುಗಳ ಕೋಚ್ ಡೆಸ್, ಎರಡೂ ಕಡೆ ಕೃತಕ ಸೊಂಟದ ಮೂಳೆ ಹಾಕಿಸಿಕೊಂಡ ಮುದುಕ, ಬೇಲಿಯ ಮೇಲೆ ಮೊಣಕೈ ಊರಿ ಇಡೀ ಆಟ ನೋಡಿ, ಕೊನೆಗೆ “ಇಷ್ಟು ವರ್ಷ ಎಲ್ಲಿ ಸತ್ತಿದ್ದೆ ನೀನು?” ಎಂದು ಕೇಳಿದ. ಇಲ್ಲೇ ಇದ್ದೆ, ಎಂದಳು ಅವಳು. ಹಿಂದಿನ ದಿನ ಟೀಗನ್ ಜಾರಿ ಬಿದ್ದು ಮಂಡಿಯೊಳಗಿನ ಮೆತ್ತೆ ಹರಿದಿತ್ತು. ಎರಡನೆಯ ಗೋಲ್‌ಕೀಪರ್ ಇನ್ನೂ ಶಾಲೆಗೆ ಹೋಗುವ ಹುಡುಗಿ, ಒಳಗಿಳಿಸಲು ಭಯ. ಹಾಗೆ ಒಬ್ಬಳ ಮೂಳೆಗಳ ನಡುವಿನ ಒಂದಿಷ್ಟು ಹರಿದ ಜಾಗದಲ್ಲಿ ಇವಳು ಸೀಸನ್ ಪೂರ್ತಿ ವಾಸವಾಗಿದ್ದಳು.

ಮೈದಾನದ ಪಕ್ಕದ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳಿಗೆ ಕೊಟ್ಟದ್ದು ಟೀಗನ್‌ಳ ಕಪಾಟೇ. ಬಾಗಿಲಿನ ಒಳಬದಿಯಲ್ಲಿ ಟೀಗನ್‌ಳ ನಾಯಿಯ ಫೋಟೋ ಇತ್ತು, ನಾಲಿಗೆ ಚಾಚಿಕೊಂಡ ಕಂದು ನಾಯಿ. ಬಾಡಿಗೆಮನೆಯ ಗೋಡೆಗೆ ಮೊಳೆ ಹೊಡೆಯದವರ ಹಾಗೆ ಬಿಲ್ಯಾನಾ ಅದನ್ನು ಮುಟ್ಟಿರಲಿಲ್ಲ. ದಿನಾ ಬಾಗಿಲು ತೆರೆದಾಗ ನಾಯಿ ಅವಳನ್ನು ನೋಡುತ್ತಿತ್ತು, ನೀನು ಯಾರು ಎನ್ನುವಂತೆಯೂ ಅಲ್ಲ, ಸುಮ್ಮನೆ. ಟೀಗನ್ ಕೆಟ್ಟವಳಾಗಿದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಪರ್ತ್‌ನ ಮೊದಲ ಪಂದ್ಯದಲ್ಲಿ ಬಿಲ್ಯಾನಾ ನಾಲ್ಕು ಗೋಲು ಬಿಟ್ಟಳು. ಇಡೀ ದೇಶ ದಾಟಿ ವಾಪಸು ಬರುವ ವಿಮಾನದಲ್ಲಿ ಪಕ್ಕದ ಸೀಟು ಖಾಲಿಯೇ ಇತ್ತು, ಎಲ್ಲರೂ ಮರ್ಯಾದೆಯಿಂದಲೇ ಬೇರೆ ಕಡೆ ಕೂತಿದ್ದರು. ಇಳಿದು ಫೋನ್ ಆನ್ ಮಾಡಿದರೆ ಟೀಗನ್‌ಳ ಸಂದೇಶ: ಮೂರನೇದು ಯಾರ ಕೈಲೂ ಆಗ್ತಿರ್ಲಿಲ್ಲ, ನಾಲ್ಕನೇದು ನಿಂದೇ ತಪ್ಪು, ಊಟ ಮಾಡಿ ಮಲ್ಕೋ. ವೆಲಿಂಗ್ಟನ್ನಿನ ಗಾಳಿಯಲ್ಲಿ ಒದ್ದ ಚೆಂಡು ತಿರುಗಿ ಅವಳ ತಲೆಯ ಮೇಲೇ ಬಂದಾಗಲೂ ಸಂದೇಶ ಬಂತು, ನಗುವ ಮುಖಗಳೊಂದಿಗೆ. ಪ್ರತಿ ಪಂದ್ಯದ ನಂತರ ಒಂದು. ಬಿಲ್ಯಾನಾ ಪ್ರತಿ ಸಲ ಉತ್ತರ ಬರೆದು ಕೊನೆಗೆ, ಮಂಡಿ ಹೇಗಿದೆ, ಎಂದು ಕೇಳುತ್ತಿದ್ದಳು. ಕೇಳಲೇಬೇಕಲ್ಲ. ಕೇಳಿ, ಉತ್ತರ ಬರುವವರೆಗೆ ಫೋನನ್ನು ಬೋರಲು ಹಾಕಿಡುತ್ತಿದ್ದಳು.

ಒಳಗಿನ ಪರೀಕ್ಷೆಗಳೆಲ್ಲ ಬೆಳಿಗ್ಗೆಯೇ ಮುಗಿದಿದ್ದವು. ಕುಪ್ಪಳಿಸಿದ್ದು, ಕೂತೆದ್ದದ್ದು, ಯಂತ್ರವನ್ನು ಕಾಲಿನಿಂದ ತಳ್ಳಿದ್ದು. ತಂಡದ ಫಿಸಿಯೋ ಲಿಯೆನ್ ಹುಲ್ಲಿನ ಅಂಚಿಗೆ ಬಂದು ಎರಡು ಹೆಬ್ಬೆಟ್ಟು ಎತ್ತಿ ತೋರಿಸಿದಳು. ಬೆರಳುಗಳಿಗೆ ಅಂಟುಪಟ್ಟಿ ಸುತ್ತಿಕೊಳ್ಳುತ್ತಿದ್ದ ಬಿಲ್ಯಾನಾ ಸಹ ನಕ್ಕು ಒಂದು ಹೆಬ್ಬೆಟ್ಟು ಎತ್ತಿದಳು. ಮೈದಾನದ ಆ ಮೂಲೆ ಗೋಲ್‌ಕೀಪರುಗಳದು. ಉಳಿದವರು ನಡುವೆ ಓಡಾಡಿಕೊಂಡಿದ್ದರೆ ಇವರು ಮೂವರು, ಡೆಸ್ ಸೇರಿ (ಶಾಲೆಯ ಹುಡುಗಿ ಈ ಹೊತ್ತಿಗೆ ತರಗತಿಯಲ್ಲಿರುತ್ತಾಳೆ), ಬೇರೆ ಊರಿನವರ ಹಾಗೆ ಒಂದು ಬದಿಯಲ್ಲಿ ತಮ್ಮಷ್ಟಕ್ಕೆ ಕೆಲಸ ಮಾಡುತ್ತಾರೆ. ಟೀಗನ್ ಗೋಲಿನಲ್ಲಿ ಆಗಲೇ ನಿಂತಿದ್ದಳು. ಹಳದಿ ಅಂಗಿ, ಕಟ್ಟಿದ ಕೂದಲು, ಒಂದು ಕಂಬವನ್ನು ಮುಟ್ಟಿ ಇನ್ನೊಂದು ಕಂಬದವರೆಗೆ ಅಡ್ಡಡ್ಡ ಹೆಜ್ಜೆ ಹಾಕಿ ಅದನ್ನೂ ಮುಟ್ಟಿದಳು. ಬಹಳ ದಿನ ಊರು ಬಿಟ್ಟಿದ್ದವರು ಮನೆಗೆ ಬಂದು ಕಿಟಕಿಗಳನ್ನು ತೆರೆಯುವಂತೆ. ಆ ಕಂಬಗಳ ಮೇಲೆ ತನ್ನ ಕೈಗಳದೇ ಜಿಡ್ಡು ಇದೆ ಎಂದು ಬಿಲ್ಯಾನಾ ನೆನೆದಳು.

“ಯಂತ್ರದ ಹತ್ರ ಮಂಡಿ ಪಾಸಾಯ್ತು,” ಎಂದ ಡೆಸ್. “ಹುಲ್ಲಿನ ಮೇಲೆ ನಾನು ನೋಡ್ಬೇಕು. ನಾನೇ ಒದೆಯೋಣ ಅಂದ್ರೆ ನನ್ನ ಸೊಂಟ ಕಳಚಿ ಚೆಂಡಿನ ಜೊತೆ ಹೋಗುತ್ತೆ. ಬಿಲ್ಸ್, ನೀನು ಹೊಡಿಯಮ್ಮ.”

“ನಾನಾ?”

“ಇನ್ನ್ಯಾರು, ಲಿಯೆನ್ ಹೊಡೀತಾಳಾ? ಅವಳು ಹೊಡೆದ್ರೆ ಅವಳಿಗೇ ಪಟ್ಟಿ ಕಟ್ಟಬೇಕು.”

“ನಂಗೆ ಕೇಳಿಸ್ತು, ಡೆಸ್,” ಎಂದಳು ಲಿಯೆನ್.

ಟೀಗನ್ ಗೋಲಿನಿಂದ ಕೂಗಿದಳು: “ದಯೆ ಗಿಯೆ ತೋರಿಸ್ಬೇಡ ಮಾರಾಯ್ತಿ, ಸರಿಯಾಗಿ ಹೊಡಿ!”

ಬಿಲ್ಯಾನಾ ಹೊಡೆದಳು. ಮೊದಲು ನೇರ ಎದೆಗೆ, ಆಮೇಲೆ ಸೊಂಟದ ಎತ್ತರಕ್ಕೆ, ಆಮೇಲೆ ಮೂಲೆಗೆ. ಟೀಗನ್ ಹಾರಿದಳು, ಬಿದ್ದಳು, ಎದ್ದಳು. ಬೀಳುವಾಗಿನ ಅವಳ ಮೈಯ ಉದ್ದ, ಅದರ ಸಲೀಸು, ಇಪ್ಪತ್ತೆರಡರ ಮೈ ನೆಲವನ್ನು ನಂಬುವ ರೀತಿ, ಇದು ತನ್ನಲ್ಲಿ ಎಂದೂ ಇರಲಿಲ್ಲ ಎಂದು ಬಿಲ್ಯಾನಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಾನು ಕೂಗಿ, ಲೆಕ್ಕ ಹಾಕಿ, ಮೊದಲೇ ಅಲ್ಲಿ ಹೋಗಿ ನಿಂತು ತಡೆಯುವವಳು. ಈ ಹುಡುಗಿ ತಡವಾಗಿ ಹೊರಟು ಮೊದಲು ತಲುಪುವವಳು. ಡೆಸ್ ನೋಡುತ್ತಿದ್ದ. ಇನ್ನೊಂದು, ಇನ್ನೊಂದು. ಅಷ್ಟರಲ್ಲಿ ಬಿಲ್ಯಾನಾಳಿಗೆ ತನ್ನ ಕಾಲು ಏನು ಮಾಡುತ್ತಿದೆ ಎಂಬುದು ತಿಳಿಯಿತು. ಮೂಲೆಗೆ ಹೋದ ಚೆಂಡುಗಳೆಲ್ಲ ಟೀಗನ್‌ಳ ಬಲಗಡೆಗೇ ಹೋಗಿದ್ದವು. ಅವಳು ಹಾಗೆ ಯೋಚಿಸಿರಲಿಲ್ಲ, ಕಾಲು ತಾನಾಗಿ ಹಾಗೆ ಮಾಡಿತ್ತು, ಮತ್ತು ಎಡಕ್ಕೆ ಒಂದಿಷ್ಟು ವಾಲಿ ಹೋದ ಒಂದೆರಡು ಚೆಂಡುಗಳಿಗೆ ಟೀಗನ್ ಹಾರಿರಲಿಲ್ಲ. ಪುಟ್ಟ ಪುಟ್ಟ ಹೆಜ್ಜೆ ಇಟ್ಟು, ಚೆಂಡಿನ ಹಿಂದೆ ಮೈ ತಂದು, ನಿಂತೇ ಹಿಡಿದಿದ್ದಳು. ಅಂದವಾಗಿ ಹಿಡಿದಿದ್ದಳು. ದೂರದಿಂದ ನೋಡುವವರಿಗೆ ಅದು ಜಾಣತನ. ಐದು ತಿಂಗಳು ಆ ಮಂಡಿಯನ್ನೇ ಕನವರಿಸಿದವಳಿಗೆ ಮಾತ್ರ ಗೊತ್ತಾಯಿತು, ಎಡಗಾಲು ನೆಲವನ್ನು ಒದೆಯುತ್ತಿಲ್ಲ. ಒದೆಯಲು ಹೆದರುತ್ತಿದೆಯೋ, ಆಗುತ್ತಿಲ್ಲವೋ. ಒದೆಯದಿದ್ದರೆ ಎಡಕ್ಕೆ ಹಾರಲಾಗದು, ಶನಿವಾರ ಎದುರಾಳಿಗಳಿಗೆ ಅದು ತಿಳಿಯಲು ಎಷ್ಟು ಹೊತ್ತು ಬೇಕು. ತಿಳಿಯದಿದ್ದರೂ, ಹರಿದ ಮೆತ್ತೆಯ ಮೇಲೆ ಇನ್ನೊಮ್ಮೆ ಬಿದ್ದರೆ ಈ ಹುಡುಗಿಯ ಆಟವೇ ಮುಗಿಯಬಹುದು. ಹೇಳಬೇಕು. ಡೆಸ್‌ನ ಹತ್ತಿರ ಹೋಗಿ ಮೆಲ್ಲಗೆ, ಅವಳ ಎಡಗಾಲು ನೋಡಿ, ಎಂದರೆ ಸಾಕು. ಆದರೆ ಅದನ್ನು ಹೇಳುವ ಬಾಯಿ ಯಾವುದು? ಜಗತ್ತಿನಲ್ಲಿ ಬೇರೆ ಯಾರ ಬಾಯಿಂದ ಬಂದರೂ ಅದು ಸತ್ಯವಾಗಿರುತ್ತಿತ್ತು. ಅವಳ ಬಾಯಿಂದ ಬಂದರೆ ಅದು ಕೆಳಗಿನ ಮರಳಿನಲ್ಲಿ ನೆಟ್ಟ ಮೋಂಬತ್ತಿ. ಹೇಳದಿದ್ದರೆ ಅದು ಒಳ್ಳೆಯತನವೇ? ಅಥವಾ ಶನಿವಾರ ಆ ಮಂಡಿ ತುಂಬಿದ ಮೈದಾನದ ನಡುವೆ ತಾನಾಗಿ ಕುಸಿಯಲಿ, ತನ್ನ ಕೈಯಲ್ಲಿ ಕೊಳೆ ಇಲ್ಲದಿರಲಿ ಎಂಬ ಇನ್ನೂ ಆಳದ ಆಸೆಯೇ? ಕಾಲಿನ ಬಳಿ ಚೆಂಡು ಇಟ್ಟುಕೊಂಡು ಅವಳು ನಿಂತೇ ಇದ್ದಳು. ಎಲ್ಲೋ ಬೇಲಿಯಾಚೆ ಯಾರೋ ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿದರು.

“ಏನಮ್ಮಾ, ನಿದ್ದೆ ಬಂತಾ?” ಎಂದ ಡೆಸ್. “ಒಂದು ಕೊನೇದು, ಸಾಕು.”

ಕೊನೆಯದಕ್ಕೆ ಒಂದು ಕ್ರಮವಿದೆ. ಗೋಲ್‌ಕೀಪರುಗಳ ಅಭ್ಯಾಸ ಎಂದೂ ಗೋಲಿನಿಂದ ಮುಗಿಯಬಾರದು. ಕೊನೆಯ ಚೆಂಡನ್ನು ಕೈಗೇ ಕೊಡಬೇಕು, ಹಿಡಿದ ಚೆಂಡಿನೊಂದಿಗೇ ಗೋಲು ಬಿಟ್ಟು ಹೊರಡಬೇಕು. ಯಾರೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತು. ಟೀಗನ್ ಆಗಲೇ ಭುಜ ಸಡಿಲಿಸಿ, ಅಂಗೈಗಳನ್ನು ಎದೆಯ ಮುಂದೆ ತೆರೆದಿದ್ದಳು. ಅವಳ ಕಣ್ಣು ಬಿಲ್ಯಾನಾಳ ಕಣ್ಣನ್ನು ಕೂಡಿತು, ಮತ್ತು ಆ ನೋಟದಲ್ಲಿ ಒಂದು ಬೇಡಿಕೆಯಿತ್ತು, ಎಡಗಾಲಿನ ವಿಷಯ ಟೀಗನ್‌ಳಿಗೂ ಗೊತ್ತಿತ್ತು, ಗೊತ್ತಿದ್ದೂ ಇಷ್ಟು ಹೊತ್ತು ಬಚ್ಚಿಟ್ಟುಕೊಂಡು ನಿಂತಿದ್ದಳು. ಅವಳಿಗೂ ಆ ಚೌಕ ಬೇಕಾಗಿತ್ತು. ನೀರಿನಾಚೆಯ ದೀಪ ಅವಳಿಗೂ ಕಂಡಿತ್ತು, ಐದು ತಿಂಗಳು, ಇವಳನ್ನು ಅದರೊಳಗೆ ನೋಡುತ್ತ. ಬಿಲ್ಯಾನಾ ಎರಡು ಹೆಜ್ಜೆ ಹಿಂದೆ ಹೋಗಿ, ಓಡಿಬಂದು, ಟೀಗನ್‌ಳ ಎಡಗಡೆಯ ಕಂಬದ ಬುಡಕ್ಕೆ ಹೊಡೆದಳು. ಸೀಸನ್ನಿನಲ್ಲೇ ಅಷ್ಟು ಚೆನ್ನಾಗಿ ಅವಳು ಹೊಡೆದಿರಲಿಲ್ಲ. ಚೆಂಡು ಹುಲ್ಲನ್ನು ಸವರಿಕೊಂಡು ಹೋಗಿ ಬಲೆಯೊಳಗೆ ಸುರುಳಿ ಸುತ್ತಿತು. ಟೀಗನ್ ಕದಲಲಿಲ್ಲ. ಅಂಗೈಗಳು ಎದೆಯ ಮುಂದೆ ತೆರೆದೇ ಇದ್ದವು.

ಲಿಯೆನ್ ತಲೆ ಎತ್ತಿದಳು. “ಏನದು?” ಎಂದ ಡೆಸ್, ಯಾರನ್ನು ಕೇಳಿದನೋ.

“ಕಾಲು ಜಾರ್ತು,” ಎಂದಳು ಬಿಲ್ಯಾನಾ. ಮುಖಕ್ಕೆ ಬಿಸಿ ಏರಿತು.

ಟೀಗನ್ ಬಲೆಯಿಂದ ಚೆಂಡು ತೆಗೆದು, ಜೋರಾಗಿ ಉರುಳಿಸಿ ವಾಪಸು ಕಳಿಸಿದಳು. ಅವಳ ಕತ್ತು ಕೆಂಪಾಗಿತ್ತು. “ಇನ್ನೊಂದು. ಅಲ್ಲಿಗೇ.”

“ಬಿಡು ಟೀಗನ್, ಸಾಕು ಅಂದ್ರಲ್ಲ—”

“ಹೊಡಿ ಅಂದೆ. ಅಲ್ಲಿಗೇ ಹೊಡಿ.”

ಡೆಸ್ ಬೇಡ ಎನ್ನಲಿಲ್ಲ. ಬಿಲ್ಯಾನಾ ಹೊಡೆದಳು, ಅಲ್ಲಿಗೇ, ಅಷ್ಟೇ ರಭಸದಿಂದ. ಟೀಗನ್ ಹಾರಿದಳು. ಮೈ ನೆಲಕ್ಕೆ ಬಡಿದ ಸದ್ದು ದಪ್ಪನೆ ಕೇಳಿತು, ಆಮೇಲೆ ಅವಳು ಕವುಚಿ ಬಿದ್ದವಳು ಏಳಲಿಲ್ಲ. ಲಿಯೆನ್ ಓಡಿದಳು. ಡೆಸ್ ತನ್ನ ಸೊಂಟ ಎಳೆದುಕೊಂಡು ಓಡಿದ. ಬಿಲ್ಯಾನಾಳ ಕಾಲು ನೆಟ್ಟಲ್ಲೇ ನೆಟ್ಟಿತ್ತು. ಆ ಗಳಿಗೆಯಲ್ಲಿ, ಅಯ್ಯೋ ಎಂಬುದು ಬರುವುದಕ್ಕೆ ಮೊದಲು, ಅವಳ ಕಣ್ಣ ಮುಂದೆ ಶನಿವಾರ ಬಂದು ನಿಂತಿತು. ಗೋಲಿನ ಹಿಂದೆ ನಿಕಾಳ ತರಗತಿಯ ಮಕ್ಕಳು, ಸಂಜೆಯ ಬಿಸಿಲು, ಹೊಸದಾಗಿ ಬಳಿದ ಬಿಳಿ ಗೆರೆ, ಅದರ ನಡುವೆ ತಾನು. ಎಷ್ಟು ಸ್ಪಷ್ಟವಾಗಿ ಬಂತೆಂದರೆ ಅವಳಿಗೆ ತನ್ನ ಕೂಗು ಕೇಳಿಸಿತು. ಅಯ್ಯೋ ಎಂಬುದು ಆಮೇಲೆ ಬಂತು. ಬಂದದ್ದು ನಿಜವೇ, ಆದರೆ ಎರಡನೆಯದಾಗಿ ಬಂತು, ಮತ್ತು ತಾನು ಬದುಕಿರುವವರೆಗೆ ಆ ಸಾಲು ಅದಲುಬದಲಾಗುವುದಿಲ್ಲ ಎಂದು ಅವಳಿಗೆ ತಿಳಿಯಿತು.

ಟೀಗನ್‌ಳ ಭುಜಗಳು ಕುಲುಕುತ್ತಿದ್ದವು. ಲಿಯೆನ್ ಅವಳನ್ನು ಹೊರಳಿಸಿದಳು. ಹೊಟ್ಟೆಯ ಕೆಳಗೆ ಚೆಂಡಿತ್ತು. ಎರಡೂ ಕೈಗಳಿಂದ ಅದನ್ನು ಅವುಚಿಕೊಂಡು ಟೀಗನ್ ನಗುತ್ತಿದ್ದಳು, ಕಣ್ಣಿನಿಂದ ನೀರು ಇಳಿಯುತ್ತಿತ್ತು.

“ನೋವಾಗ್ಲಿಲ್ಲ,” ಎಂದಳು. “ಲಿಯೆನ್, ನೋವೇ ಆಗ್ಲಿಲ್ಲ ಕಣೇ! ಏನೂ ಆಗ್ಲಿಲ್ಲ!”

ಲಿಯೆನ್ ಮಂಡಿಯನ್ನು ಹಿಡಿದು ಮಡಚಿದಳು, ಬಿಡಿಸಿದಳು, ತಿರುಗಿಸಿದಳು. ಡೆಸ್ ಒಂದು ಕೆಟ್ಟ ಮಾತು ಬೈದು ಹುಲ್ಲಿನ ಮೇಲೆ ಕೂತ. ಟೀಗನ್ ಎದ್ದು ನೇರ ಬಿಲ್ಯಾನಾಳ ಹತ್ತಿರ ಬಂದು, ಗ್ಲೌಸ್ ಹಾಕಿದ ದೊಡ್ಡ ಕೈಗಳಿಂದ ಅವಳ ಮುಖ ಹಿಡಿದಳು. “ಎರಡು ವಾರದಿಂದ ಎಡಗಡೆಗೆ ಬೀಳಕ್ಕೆ ಆಗ್ತಿರ್ಲಿಲ್ಲ ನಂಗೆ. ಕಾಲು ಚೆನ್ನಾಗಿದೆ ಅಂತ ಎಲ್ರೂ ಅಂತಾರೆ, ನಂಗೆ ಮಾತ್ರ ಧೈರ್ಯ ಇಲ್ಲ. ಯಾರಿಗೂ ಹೇಳ್ಲಿಲ್ಲ. ನಿಂಗೆ ಹೆಂಗೆ ಗೊತ್ತಾಯ್ತು? ಗೊತ್ತಿದ್ದೇ ಹೊಡೆದೆ ತಾನೇ ಅದನ್ನ? ನೀನು ಹೊಡೀದೇ ಇದ್ದಿದ್ರೆ ಶನಿವಾರ ನಾನು ಸತ್ತೇ ಹೋಗ್ತಿದ್ದೆ.”

ಬಿಲ್ಯಾನಾ ಏನೋ ಹೇಳಲು ಬಾಯಿ ತೆರೆದಳು. ನಾನು ಅದಕ್ಕೆ ಹೊಡೆಯಲಿಲ್ಲ. ಅಥವಾ ಅದಕ್ಕೇ ಹೊಡೆದೆ. ಯಾವುದಕ್ಕೆ ಹೊಡೆದಳೆಂದು ಅವಳಿಗೇ ಗೊತ್ತಿರಲಿಲ್ಲ. ಈ ಹುಡುಗಿಯ ಕೃತಜ್ಞತೆ ಅವಳ ಕೆನ್ನೆಗಳ ಮೇಲೆ ಒದ್ದೆ ರಬ್ಬರಿನ ವಾಸನೆಯಾಗಿ ಅಂಟಿತ್ತು, ಅದನ್ನು ಒರೆಸಿಕೊಳ್ಳುವಂತೆಯೂ ಇರಲಿಲ್ಲ. “ನೀನು ಚೆನ್ನಾಗಿ ಹಾರಿದೆ,” ಎಂದಳು.

“ಈಗ ಕೈಗೆ ಒಂದು ಕೊಟ್ಟು ಮುಗಿಸ್ರಮ್ಮಾ,” ಎಂದ ಡೆಸ್, ನೆಲದಿಂದ ಏಳಲು ಲಿಯೆನ್‌ಳ ಕೈ ಹುಡುಕುತ್ತ. ಬಿಲ್ಯಾನಾ ಮೆಲ್ಲಗೆ ಒದ್ದಳು. ಚೆಂಡು ತೆರೆದ ಅಂಗೈಗಳಿಗೆ ಹೋಗಿ ಸೇರಿತು. ಬಾಗಿಲು ಹಾಕಿಕೊಂಡ ಸದ್ದು. ಹೊರಗಿನಿಂದ ಕೇಳಿದರೆ ಅದು ಎಷ್ಟು ಸಣ್ಣ ಸದ್ದು.

ಆಫೀಸಿನವರು ಅವಳನ್ನು ಕಾಯಿಸಲಿಲ್ಲ. ತುಂಬಾ ಒಳ್ಳೆಯ ಸೀಸನ್, ತಂಡ ಮುಂದಿನ ಸುತ್ತಿಗೆ ಹೋಗುವ ಮೊದಲ ಆರರ ಬಾಗಿಲಲ್ಲಿ ನಿಂತಿದ್ದರೆ ಅದಕ್ಕೆ ನಿಮ್ಮ ಪಾಲು ದೊಡ್ಡದು, ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳು ಬಟ್ಟೆ ಬದಲಿಸುವ ಕೋಣೆಗೆ ಬಂದು ಟವೆಲ್, ಸೋಪು, ಅಂಟುಪಟ್ಟಿಯ ಸುರುಳಿಗಳನ್ನು ಚೀಲಕ್ಕೆ ಹಾಕಿದಳು. ಮಧ್ಯಾಹ್ನದ ಬಸ್ಸಿಗೆ ಹೊತ್ತಾಗುತ್ತಿತ್ತು. ಸಂಜೆ ನಿಕಾಳಿಗೆ ಹೇಳಬೇಕು. ಹೇಗೆ ಹೇಳುವುದೆಂದು ಜೋಡಿಸತೊಡಗಿದರೆ ಪ್ರತಿ ಸಲ ಮಗಳ ಮುಖದ ಬದಲು ಅವಳ ಮಿಸ್ಸಿನ ಮುಖ ಬರುತ್ತಿತ್ತು, ಅಯ್ಯೋ ಪಾಪ ಎಂದು ಒಂದು ಬದಿಗೆ ವಾಲಿದ ಮುಖ. ಟೀಗನ್ ಮಂಡಿಗೆ ಮಂಜುಗಡ್ಡೆಯ ಚೀಲ ಕಟ್ಟಿಕೊಂಡು ಕುಂಟದೆ ಬಂದು ಪಕ್ಕದಲ್ಲಿ ಕೂತಳು.

“ಕಪಾಟು ಖಾಲಿ ಮಾಡಬೇಡ ಮಾರಾಯ್ತಿ. ಸೀಸನ್ ಮುಗಿಯೋವರೆಗೂ ಇರ್ಲಿ. ನಂದು ಇಲ್ಲೇ ಬೆಂಚ್ ಮೇಲಿಡ್ತೀನಿ.”

“ನಿಂದೇ ಕಪಾಟಲ್ವಾ.”

“ಆಫೀಸಿನೋರು ಏನಂದ್ರು?”

“ಥ್ಯಾಂಕ್ಸ್ ಅಂದ್ರು. ಶನಿವಾರಕ್ಕೆ ಟಿಕೆಟ್ ಬೇಕಾ ಅಂದ್ರು.”

“ಟಿಕೆಟ್ಟಾ? ಥೂ, ಅವ್ರ ಮುಖಕ್ಕೆ.” ಟೀಗನ್ ಮಂಜುಗಡ್ಡೆಯ ಚೀಲವನ್ನು ಸರಿಸಿಕೊಂಡಳು. ಮಂಜು ಕರಗಿ ಅವಳ ಪಾದದ ಬಳಿ ನೀರು ನಿಂತಿತ್ತು. “ಒಂದು ಕೇಳ್ಲಾ? ನೀನು ಇಲ್ಲ ಅಂದ್ರೆ ನಂಗೇನೂ ಬೇಜಾರಿಲ್ಲ.”

“ಕೇಳು.”

“ಶನಿವಾರ ಪಂದ್ಯಕ್ಕೆ ಮುಂಚೆ ನನ್ನ ವಾರ್ಮ್-ಅಪ್‌ಗೆ ನೀನೇ ಬಂದು ಹೊಡೀಬೇಕು. ಡೆಸ್ ಒಪ್ಪಿದಾರೆ, ಹುಲ್ಲಿನ ಮೇಲೆ ಬರೋಕೆ ನಿಂಗೆ ಪಾಸ್ ಕೊಡಿಸ್ತಾರೆ. ಆ ಸ್ಕೂಲ್ ಹುಡುಗಿ ಹೊಡೆದ್ರೆ ಅರ್ಧ ಚೆಂಡು ಕಾರ್ ಪಾರ್ಕಿಗೆ ಹೋಗ್ತವೆ. ನಿನ್ನ ಹಂಗೆ ಎಡಗಡೆಗೆ ಹೊಡೆಯೋರು ಬೇಕು ನಂಗೆ.” ಅವಳು ಬಿಲ್ಯಾನಾಳ ಮುಖ ನೋಡಿ ಅವಸರದಿಂದ ಸೇರಿಸಿದಳು: “ಈಗ್ಲೇ ಹೇಳ್ಬೇಡ. ಮನೆಗೆ ಹೋಗಿ ಯೋಚ್ನೆ ಮಾಡು. ನಾಳೆ—”

ಗೋಲಿನ ಹಿಂದೆ ನಿಕಾಳ ತರಗತಿ ಕೂತಿರುತ್ತದೆ. ಅವರೆಲ್ಲರ ಎದುರಿಗೆ ಅವಳು ಇನ್ನೊಬ್ಬಳಿಗೆ ಚೆಂಡು ಒದ್ದು ಕೊಡುತ್ತಾಳೆ, ಸೀಟಿ ಊದುವ ಮೊದಲು ಗೆರೆ ದಾಟಿ ಹೊರಗೆ ನಡೆಯುತ್ತಾಳೆ, ಮಕ್ಕಳು ನಿಕಾಳ ಕಡೆ ತಿರುಗುತ್ತವೆ. ಇದೆಲ್ಲ ಅವಳಿಗೆ ಕಂಡಿತು. ಇಲ್ಲ ಎನ್ನಲು ಬೇಕಾದ ಮಾತೂ ಸಿದ್ಧವಾಗಿಯೇ ಇತ್ತು: ಶನಿವಾರ ಮನೆಗೆ ಯಾರೋ ಬರ್ತಾರೆ.

“ಬರ್ತೀನಿ,” ಎಂದಳು. ಟೀಗನ್‌ಳ ಮಾತು ಮುಗಿಯುವುದಕ್ಕೂ ಕಾಯದೆ ಅದು ಹೊರಬಿದ್ದಿತ್ತು. “ಎಷ್ಟು ಹೊತ್ತಿಗೆ? ಬೇಗನೇ ಬರ್ತೀನಿ. ಬೂಟು ನಂದೇ ಇದೆ. ಗ್ಲೌಸ್ ತರ್ಲಾ?”

ಟೀಗನ್ ನಗಲಿಲ್ಲ. ಅರ್ಥವಾಗದೆ ಅವಳನ್ನು ನೋಡಿದಳು.

“ಒದೆಯೋದಕ್ಕೆ ಗ್ಲೌಸ್ ಯಾಕೆ, ಬಿಲ್ಸ್?”

“ಹೌದಲ್ಲ,” ಎಂದಳು ಬಿಲ್ಯಾನಾ. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಳು.